ಕೆಳಮನೆ ಅಜ್ಜಿಗೆ ಲಿನ್ಸೆನ್-ಶ್ಪೆಟ್ಸ್ಲೆ ಮಾಡಿಕೊಡಬೇಕು, ನನ್ನದು ಗಂಜಿಯಾಗುತ್ತಿದೆ

ನೆಕ್ಕರ್_ತೀರ (ಎಸ್ಲಿಂಗೆನ್), ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ಗೆ ಬಂದು ಎರಡು ವರ್ಷ ಆಯಿತು. ನಮ್ಮ ಕೆಳಮನೆಯಲ್ಲಿ 81 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಪ್ರತಿ ಶನಿವಾರ ಮೆಟ್ಟಿಲ ತುಂಬಾ ಅವರ ಮನೆಯ ಬೇಳೆ ಬೇಯುವ ವಾಸನೆ. ಲಿನ್ಸೆನ್ ಮಿಟ್ ಶ್ಪೆಟ್ಸ್ಲೆ, ಅಂದರೆ ಹುಳಿ ಹಾಕಿದ ಬೇಳೆ, ಜೊತೆಗೆ ಬಿಸಿನೀರಿಗೆ ಹೆರೆದು ಬೇಯಿಸಿದ ಮೊಟ್ಟೆ ಹಿಟ್ಟಿನ ತುಣುಕು. ಇಲ್ಲಿಯವರಿಗೆ ಅದು ನಮ್ಮ ಅನ್ನ-ಸಾರು ಇದ್ದ ಹಾಗೆ.

ಫೆಬ್ರವರಿಯಲ್ಲಿ ಹಿಮದ ಮೇಲೆ ಜಾರಿ ಅಜ್ಜಿಯ ಬಲಗೈ ಮಣಿಕಟ್ಟು ಮುರಿಯಿತು. ಇನ್ನೂ ಪ್ಲಾಸ್ಟರ್ ಇದೆ. ಹಿಟ್ಟು ಬಡಿಯೋಕೂ ಆಗಲ್ಲ, ಹೆರೆಯೋಕೂ ಆಗಲ್ಲ. ಅಂಗಡಿಯ ಪ್ಯಾಕೆಟ್ ಶ್ಪೆಟ್ಸ್ಲೆ ತಂದುಕೊಟ್ಟೆ. ಒಂದು ತುತ್ತು ತಿಂದು "ರಬ್ಬರ್" ಅಂದರು. "ಮುಂದಿನ ಭಾನುವಾರ ನಾನೇ ಮಾಡಿಕೊಡುತ್ತೇನೆ" ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ.

ಇವತ್ತು ರಿಹರ್ಸಲ್ ಮಾಡಿದೆ. 400 ಗ್ರಾಂ ಮೈದಾ, ಮೂರು ಮೊಟ್ಟೆ, ಸುಮಾರು 350 ಎಂಎಲ್ ನೀರು. ಕುದಿಯುವ ನೀರಿಗೆ ಬಿಟ್ಟ ತಕ್ಷಣ ಕರಗಿ ಪಾತ್ರೆ ತುಂಬಾ ಗಂಜಿ. ಬೇಳೆ ಕುಕ್ಕರಿನಲ್ಲಿ ಇಟ್ಟಿದ್ದೆ, ಮೊದಲೇ ವಿನೆಗರ್ ಹಾಕಿ. ಐದು ವಿಸಲ್ ಆದರೂ ಸಿಪ್ಪೆ ಬಾಯಿಗೆ ಸಿಗುತ್ತಿತ್ತು. ಗಂಡ ಸುಮ್ನೆ ಎದ್ದು ಹೋಗಿ ಮೊಸರನ್ನ ಕಲಸಿಕೊಂಡರು.

ನಾನು ಮಾಂಸ ತಿನ್ನಲ್ಲ, ಮೊಟ್ಟೆ ಪರವಾಗಿಲ್ಲ. ಒಂದು ವಾರ ಟೈಮ್ ಇದೆ. ಕಾಪಾಡಿ.

ಒಗ್ಗರಣೆ_ಮಾಲತಿ (ಉಲ್ಮ್), ಶನಿವಾರ ರಾತ್ರಿ 10:05

ನೀರು ಜಾಸ್ತಿ ಆಗಿದೆ, ಮೊಟ್ಟೆ ಕಡಿಮೆ ಆಗಿದೆ. ಅಷ್ಟೇ ತೊಂದರೆ. ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಅತ್ತೆಯೇ ಸ್ವಾಬಿಯನ್, ಅಂದರೆ ಈ ಸೀಮೆಯವರೇ, ಬೈಸಿಕೊಂಡೇ ಕಲಿತದ್ದು.

ಲೆಕ್ಕ ಸುಲಭ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. 400 ಗ್ರಾಂಗೆ ನಾಲ್ಕು, ಧಾರಾಳ ಅನ್ನಿಸಿದರೆ ಐದು. ನೀರು 150 ಎಂಎಲ್‌ನಿಂದ ಶುರು ಮಾಡಿ, ಬೇಕಾದರೆ ಚಮಚ ಚಮಚವಾಗಿ ಸೇರಿಸಿ. ಗ್ಯಾಸ್ ಇರುವ ಸೋಡಾ ನೀರು ಹಾಕುವವರೂ ಇದ್ದಾರೆ. ಉಪ್ಪು ಒಂದು ಟೀ ಚಮಚ. ಜಾಯಿಕಾಯಿ ಹಾಕಬೇಕೋ ಬೇಡವೋ ಅಂತ ಇಲ್ಲಿ ಮನೆ ಮನೆಗೂ ಜಗಳ, ಅಜ್ಜಿಯನ್ನೇ ಕೇಳಿ.

ಮೈದಾ ಅಂದರೆ ಟೈಪ್ 405 ತಂದಿರುತ್ತೀರಿ, ಕೇಕಿಗೆ ಬಳಸುವ ನುಣುಪು ಹಿಟ್ಟು. ಅದರಲ್ಲೂ ಆಗುತ್ತದೆ, ಆದರೆ ಅಂಗಡಿಯಲ್ಲಿ "ಶ್ಪೆಟ್ಸ್ಲೆಮೇಲ್" ಅಂತಲೇ ಒಂದು ಸಿಗುತ್ತದೆ ನೋಡಿ. ಬೆರಳಲ್ಲಿ ಹಿಡಿದರೆ ಸ್ವಲ್ಪ ತರಿ ತರಿ. ಅದು ನೀರನ್ನು ನಿಧಾನ ಕುಡಿಯುತ್ತದೆ, ಬೆಂದ ಮೇಲೆ ಕಡಿದರೆ ಹಲ್ಲಿಗೆ ಸಿಗುತ್ತದೆ.

ಹದ ಹೇಗೆ ಹೇಳಲಿ? ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಎಷ್ಟೋ ತೆಳು. ಗೋಳಿಬಜೆ ಹಿಟ್ಟು ಕಲಸಿದ್ದೀರಾ? ಅದೇ. ಸೌಟು ಎತ್ತಿದರೆ ದಪ್ಪಗೆ ಎಳೆದುಕೊಂಡು, ಮನಸ್ಸಿಲ್ಲದೆ ಬೀಳಬೇಕು. ಮರದ ಸೌಟಿನಲ್ಲಿ ಬಡಿಯಿರಿ. ಮಧ್ಯ ತೂತು ಇರುವ ಮರದ ಸೌಟು ಇದಕ್ಕೆಂದೇ ಇದೆ. ಹಿಟ್ಟಿನಲ್ಲಿ ಗುಳ್ಳೆ ಬರುವ ತನಕ ಬಡಿಯಬೇಕು, ಐದು ನಿಮಿಷವಾದರೂ ಆಗುತ್ತದೆ. ಆಮೇಲೆ ಅರ್ಧ ಗಂಟೆ ಮುಚ್ಚಿಡಿ.

ನೀರು ದೊಡ್ಡ ಪಾತ್ರೆಯಲ್ಲಿ, ಉಪ್ಪು ಹಾಕಿ, ಚೆನ್ನಾಗಿ ಕುದಿಯಬೇಕು. ಎಲ್ಲ ಒಟ್ಟಿಗೆ ಹಾಕಬೇಡಿ. ಒಂದು ಹಿಡಿಯಷ್ಟು ಬಿಟ್ಟು, ಮೇಲೆ ತೇಲಿ ಬಂದ ಕೂಡಲೇ ತೂತಿನ ಸೌಟಿನಲ್ಲಿ ತೆಗೆದು, ಮುಂದಿನ ಹಿಡಿ.

ಬಾಣಲೆ_ಭಟ್ಟ (ಬೆಂಗಳೂರು), ಭಾನುವಾರ ಬೆಳಿಗ್ಗೆ 7:30

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಕೆಲಸದ ಮೇಲೆ ಎಂಟು ತಿಂಗಳು ಸ್ಟುಟ್‌ಗಾರ್ಟಿನಲ್ಲಿದ್ದೆ. ವಾಪಸ್ ಬಂದ ಮೇಲೆ ಮಗಳಿಗೆ ವಾರಕ್ಕೊಮ್ಮೆ ಇದೇ ಬೇಕು. ಶ್ಪೆಟ್ಸ್ಲೆಮೇಲ್ ಇಲ್ಲಿ ಎಲ್ಲಿ ತರೋದು? ಮೂರು ಪಾಲು ಮೈದಾ, ಒಂದು ಪಾಲು ಚಿರೋಟಿ ರವೆ. ಚೆನ್ನಾಗಿ ಬರುತ್ತದೆ. ರವೆ ನೆನೆಯಬೇಕು, ಅದಕ್ಕೆ ಮುಕ್ಕಾಲು ಗಂಟೆ ಬಿಡಿ.

ಹೆರೆಯೋದು ನನ್ನ ಕೈಲಿ ಆಗಲಿಲ್ಲ. ಚಕ್ಕುಲಿ ಒರಳಿಗೆ ಖಾರಾಸೇವೆ ಬಿಲ್ಲೆ ಹಾಕಿ ನೇರ ಕುದಿಯುವ ನೀರಿಗೆ ಒತ್ತುತ್ತೇನೆ. ಬೂಂದಿ ಸೌಟಿನಲ್ಲಿ ಹಿಟ್ಟು ಉಜ್ಜಿದರೆ ಗುಂಡು ಗುಂಡಾಗಿ ಬೀಳುತ್ತದೆ. ಅದಕ್ಕೂ ಅಲ್ಲಿ ಹೆಸರಿದೆ, ಕ್ನ್ಯೋಪ್‌ಫ್ಲೆ, ಅಂದರೆ ಪುಟ್ಟ ಅಂಗಿ ಗುಂಡಿ. ಹಾಗಾಗಿ ಬೂಂದಿ ಸೌಟು ಬಳಸಿದರೆ ತಪ್ಪು ಮಾಡಿದೆ ಅಂತ ಅಂದುಕೊಳ್ಳಬೇಡಿ, ಬೇರೆ ಐಟಂ ಮಾಡಿದೆ ಅನ್ನಿ.

ಧಾರವಾಡ_ದತ್ತು (ಟ್ಯೂಬಿಂಗೆನ್), ಭಾನುವಾರ ಬೆಳಿಗ್ಗೆ 11:20

ಚಕ್ಕುಲಿ ಒರಳಾ? ಏನ್ರೀ ಭಟ್ಟರ, ಶಾವಿಗೆ ಮಾಡಾಕ ಹೊಂಟೀರೇನು?

ಒತ್ತಿದ್ದು ಎಲ್ಲ ಒಂದೇ ಉದ್ದ, ಒಂದೇ ದಪ್ಪ. ಕೈಯಲ್ಲಿ ಹೆರೆದದ್ದು ಒಂದು ಉದ್ದ, ಒಂದು ಗಿಡ್ಡ, ಒಂದು ಬಾಲ ಇರುವಂಥದು. ಆ ಒರಟು ಮೈಗೇ ಸಾರು ಅಂಟಿಕೊಳ್ಳೋದು. 2012ರಲ್ಲಿ ಸ್ವಾಬಿಯನ್ ಶ್ಪೆಟ್ಸ್ಲೆಗೆ ಯುರೋಪಿಯನ್ ಒಕ್ಕೂಟದ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮ ಧಾರವಾಡ ಪೇಢೆಗೆ ಸಿಕ್ಕ ಹಾಗೆ. ಪೇಢೆಯನ್ನ ಅಚ್ಚಿನಾಗ ಒತ್ತಿದರ ಹೆಂಗಿರತದ, ಹೇಳ್ರಿ.

ಶ್ಪೆಟ್ಸ್ಲೆ ಹೆರೆಯುವ ಮರದ ಹಲಗೆ ಕೊಳ್ಳಿ. ಒಂದು ತುದಿ ತೆಳುವಾಗಿ ಇಳಿಜಾರಾಗಿರುತ್ತದೆ. ಹಲಗೆಯನ್ನೂ ಹೆರೆಯುವ ತಗಡನ್ನೂ ಮೊದಲು ಬಿಸಿನೀರಿನಲ್ಲಿ ಅದ್ದಿ. ಎರಡು ಚಮಚ ಹಿಟ್ಟು ತುದಿಗೆ ತೆಳ್ಳಗೆ ಸವರಿ, ಹಲಗೆಯನ್ನು ಪಾತ್ರೆಯ ಅಂಚಿಗೆ ಆನಿಸಿ, ನೂಲಿನಷ್ಟು ನೂಲಿನಷ್ಟು ನೀರಿಗೆ ತಳ್ಳಿ. ಅಂಟಿದರೆ ಮತ್ತೆ ಅದ್ದಿ. ಮೊದಲ ಮೂರು ಸಲ ಹಾಳಾಗುತ್ತದೆ.

ಬಾಣಲೆ_ಭಟ್ಟ, ಭಾನುವಾರ ಬೆಳಿಗ್ಗೆ 11:41

ದತ್ತು ಅವರೇ, ಸ್ವಾಬಿಯಾದ ಮನೆಗಳಲ್ಲೇ ಒತ್ತುವ ಮಷೀನು ಇರುತ್ತದೆ. ನಮ್ಮ ಚಕ್ಕುಲಿ ಒರಳಿನ ಅಣ್ಣನ ಥರ ಇದೆ. ಅವರಿಗಿಲ್ಲದ ಮಡಿ ನಿಮಗ್ಯಾಕೆ?

ಒಗ್ಗರಣೆ_ಮಾಲತಿ, ಭಾನುವಾರ ಮಧ್ಯಾಹ್ನ 12:15

ಮಷೀನು ಇರುತ್ತದೆ, ನಿಜ. ಹತ್ತು ಜನ ಬಂದಾಗ ನನ್ನ ಅತ್ತೆಯೂ ಅದನ್ನೇ ಹೊರಗೆ ತೆಗೆಯುತ್ತಾರೆ. ಆದರೆ ನೆಕ್ಕರ್ ತೀರದವರು ಮಾಡುತ್ತಿರುವುದು 81ರ ಅಜ್ಜಿಗೆ. ಹಲಗೆಯಲ್ಲೇ ಕಲಿಯಿರಿ. ಇನ್ನೊಂದು ಮಾತು, ಅವರು ಹೊಗಳುತ್ತಾರೆ ಅಂತ ಕಾಯಬೇಡಿ. ಬೈಯದಿದ್ದರೆ ಅದೇ ಹೊಗಳಿಕೆ ಅಂತ ಸ್ವಾಬಿಯನ್ನರಲ್ಲಿ ಗಾದೆಯೇ ಇದೆ.

ಅಕ್ಕಡಿ_ಸಾಲು (ರಾಯ್ಟ್‌ಲಿಂಗೆನ್), ಭಾನುವಾರ ಮಧ್ಯಾಹ್ನ 2:50

ಬೇಳೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಊರಲ್ಲಿ ನಮ್ಮದು ರೈತರ ಮನೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಸ್ವಾಬಿಯನ್ ಆಲ್ಬ್ ಅಂದರೆ ಇಲ್ಲಿನ ಸುಣ್ಣಕಲ್ಲಿನ ಗುಡ್ಡಗಾಡು. ಮಣ್ಣು ಬಡವು, ನೀರು ನಿಲ್ಲಲ್ಲ. ಅಂಥ ನೆಲಕ್ಕೆ ಲೆಂಟಿಲ್, ಅಂದರೆ ಈ ಮಸೂರ್ ಜಾತಿಯ ಕಾಳು, ಹೇಳಿ ಮಾಡಿಸಿದ ಬೆಳೆ. ಬಡವರ ಊಟ ಆದದ್ದು ಹಾಗೆ. ಕಳೆದ ಶತಮಾನದ ಮಧ್ಯದ ಹೊತ್ತಿಗೆ ಬೇರೆ ದೇಶದ ಅಗ್ಗದ ಕಾಳು ಬಂತು, ಇಲ್ಲಿ ಬಿತ್ತೋದು ನಿಂತೇ ಹೋಯಿತು, ತಳಿಯೂ ಹೋಯಿತು. ಎಂಬತ್ತರ ದಶಕದಲ್ಲಿ ಒಂದಿಬ್ಬರು ರೈತರು ಮತ್ತೆ ಶುರು ಮಾಡಿದರು, ಆದರೆ ಫ್ರಾನ್ಸಿನ ಬೀಜದಲ್ಲಿ. ಹಳೆಯ ಆಲ್ಬ್ ತಳಿ ಕೊನೆಗೆ ಸಿಕ್ಕಿದ್ದು 2006ರಲ್ಲಿ. ಎಲ್ಲಿ ಗೊತ್ತಾ? ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ. ಅಲ್ಲಿಂದ ತಂದ ಸ್ವಲ್ಪವೇ ಕಾಳನ್ನು ವರ್ಷ ವರ್ಷ ಬಿತ್ತಿ ಹೆಚ್ಚಿಸಿದರು.

ಲೆಂಟಿಲ್ ಗಿಡಕ್ಕೆ ಬೆನ್ನುಮೂಳೆ ಇಲ್ಲ, ಮಲಗಿಬಿಡುತ್ತದೆ. ಅದಕ್ಕೇ ಬಾರ್ಲಿ ಅಥವಾ ಓಟ್ಸ್ ಜೊತೆ ಬಿತ್ತುತ್ತಾರೆ, ಅದನ್ನು ಹಿಡಿದುಕೊಂಡು ಏಳುತ್ತದೆ. ನಮ್ಮಪ್ಪ ರಾಗಿ ಜೊತೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಡುತ್ತಿದ್ದರು. ಮೊದಲ ಸಲ ಇಲ್ಲಿ ಹೊಲ ನೋಡಿದಾಗ ನನಗೆ ನಗು ಬಂತು. ನನ್ನ ಹೆಸರು ಅಲ್ಲಿಂದಲೇ.

ಸರಿ, ಅಡುಗೆ. ಆಲ್ಬ್ ಕಾಳು ದುಬಾರಿ, ಆದರೆ ಒಡೆಯಲ್ಲ, ರುಚಿಯೂ ಚೆಂದ. ಇಲ್ಲದಿದ್ದರೆ ಕಂದು ಬಣ್ಣದ ಟೆಲ್ಲರ್‌ಲಿನ್ಸೆನ್. ಭಟ್ಟರಿಗೆ ಬೆಂಗಳೂರಿನಲ್ಲಿ ಸಿಪ್ಪೆ ಸಮೇತ ಇಡೀ ಮಸೂರ್ ಸಾಕು, ಅದೇ ಜಾತಿ. ಒಡೆದ ಚನ್ನಂಗಿ ಬೇಳೆ ಮಾತ್ರ ಬೇಡ, ಸಾರಾಗಿಬಿಡುತ್ತದೆ.

ನಾಲ್ಕು ಜನಕ್ಕೆ 250 ಗ್ರಾಂ. ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ 35-40 ನಿಮಿಷ. ಕ್ಯಾರೆಟ್, ಲೀಕ್, ಸೆಲೆರಿ ಗೆಡ್ಡೆ ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ, ಕಾಳು ಹಾಕಿ, ತರಕಾರಿ ಬೇಯಿಸಿದ ನೀರು ಹೊಯ್ಯಿರಿ. ಎರಡು ಲೋರ್‌ಬೇರ್ ಎಲೆ, ಅಂದರೆ ಇಲ್ಲಿನ ಬೇ ಲೀಫ್. ಊರಿಂದ ತಂದ ಪಲಾವ್ ಎಲೆ ಹಾಕಬೇಡಿ, ಅದು ದಾಲ್ಚಿನ್ನಿ ಜಾತಿ, ವಾಸನೆಯೇ ಬೇರೆ. ಇನ್ನೊಂದು ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆಗೆ ಎರಡು ಚಮಚ ಮೈದಾ ಹಾಕಿ ಬಾದಾಮಿ ಬಣ್ಣ ಬರುವ ತನಕ ಹುರಿಯಿರಿ. ಇದೇ ಇದರ ಒಗ್ಗರಣೆ. ಕಾಳಿಗೆ ಸೇರಿಸಿದರೆ ಗಟ್ಟಿಯಾಗುತ್ತದೆ.

ವಿನೆಗರ್ ಕಟ್ಟಕಡೆಗೆ, ಒಲೆ ಆರಿಸಿದ ಮೇಲೆ. ಹುಳಿ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗಲ್ಲ. ತೊಗರಿಬೇಳೆ ಬೇಯುವ ಮೊದಲು ಯಾರಾದರೂ ಹುಣಸೆಹುಳಿ ಹಾಕುತ್ತಾರಾ? ಅದೇ ವಿಷಯ.

ನೆಕ್ಕರ್_ತೀರ, ಭಾನುವಾರ ಸಂಜೆ 5:10

ಅಯ್ಯೋ, ಹುಣಸೆಹುಳಿ ಅಂದ ಕೂಡಲೇ ತಲೆಗೆ ಹೋಯಿತು. ಅಮ್ಮ ಕೇಳಿದ್ದರೆ ತಲೆ ಮೇಲೆ ಮೊಟಕುತ್ತಿದ್ದರು.

ಒಂದು ಸಮಸ್ಯೆ. ಅಜ್ಜಿ ಇದಕ್ಕೆ ಹೊಗೆ ಹಾಕಿದ ಹಂದಿಮಾಂಸದ ತುಂಡು ಹಾಕುತ್ತಾರೆ. ಮೇಲೆ ಜೋಡಿ ಸಾಸೇಜ್ ಬೇರೆ. ಸಾಸೇಜ್ ಅವರೇ ಬಿಸಿನೀರಲ್ಲಿ ಬಿಟ್ಟುಕೊಳ್ಳಲಿ. ಆದರೆ ಆ ಹೊಗೆ ವಾಸನೆ ಇಲ್ಲದಿದ್ದರೆ ಅದೇ ರುಚಿ ಬರುತ್ತದಾ?

ಬಾಣಲೆ_ಭಟ್ಟ, ಭಾನುವಾರ ಸಂಜೆ 5:22

ಕೆಂಡ ಕಾಯಿಸಿ, ಪುಟ್ಟ ಬಟ್ಟಲಲ್ಲಿಟ್ಟು, ತುಪ್ಪ ಬಿಟ್ಟು, ಪಾತ್ರೆಯೊಳಗೆ ಇಟ್ಟು ಮುಚ್ಚಿ. ಐದೇ ನಿಮಿಷ.

ಧಾರವಾಡ_ದತ್ತು, ಭಾನುವಾರ ಸಂಜೆ 5:30

ಭಟ್ಟರೇ, ಇಲ್ಲಿ ಮಲಗುವ ಕೋಣೆ ಕೋಣೆಗೂ ಹೊಗೆ ಅಲಾರಂ ಇರಬೇಕು ಅಂತ ಕಾನೂನು ಇದೆ. ಕೆಂಡ ಇಟ್ಟರೆ ಊಟಕ್ಕೆ ಅಜ್ಜಿ ಜೊತೆ ಫೈರ್ ಎಂಜಿನ್ನಿನವರೂ ಬರುತ್ತಾರೆ.

ಒಗ್ಗರಣೆ_ಮಾಲತಿ, ಭಾನುವಾರ ಸಂಜೆ 6:02

ಹೊಗೆ ಹಾಕಿದ ತೋಫು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಚಿಕ್ಕ ಚೌಕ ಮಾಡಿ ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಮೇಲೆ ಹಾಕಿ. ಸ್ಮೋಕ್ಡ್ ಪ್ಯಾಪ್ರಿಕಾ ಹಾಕಿದರೆ ಬಣ್ಣವೂ ಕೆಂಪಾಗುತ್ತದೆ, ಅದು ಸ್ವಾಬಿಯಾ ದಾಟಿ ಸ್ಪೇನಿಗೆ ಹೋಗುತ್ತದೆ. ನನ್ನ ಕೇಳಿದರೆ ಎರಡೂ ಇಲ್ಲದೆ ಮಾಡಿ. ಹಿಟ್ಟನ್ನು ಚೆನ್ನಾಗಿ ಕಂದಾಗಿಸಿ, ಸ್ವಲ್ಪ ಸಾಸಿವೆ ಪೇಸ್ಟ್ ಹಾಕಿ. ಇಲ್ಲದ್ದನ್ನು ಇದೆ ಅಂತ ತೋರಿಸೋದು ಯಾಕೆ?

ಹಳೇ_ಕಡತ (ಮಂಗಳೂರು), ಸೋಮವಾರ ಬೆಳಿಗ್ಗೆ 9:15

ಅಡುಗೆ ಗೊತ್ತಿಲ್ಲ, ಊರಿನ ಹೆಸರು ನೋಡಿ ಬಂದೆ. ಎಸ್ಲಿಂಗೆನ್ ಅಂದರೆ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಊರು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಹೊರಡಿಸಿದವರು. ಹುಟ್ಟಿದ್ದೂ ಅಲ್ಲೇ ಹತ್ತಿರದ ಬ್ರಾಕೆನ್‌ಹೈಮ್‌ನಲ್ಲಿ. ದತ್ತು ಅವರ ಟ್ಯೂಬಿಂಗೆನ್‌ನಲ್ಲಿ 1903ರಲ್ಲಿ ಕಿಟೆಲ್ ತೀರಿಕೊಂಡರು. ಇಬ್ಬರೂ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಡೆಯಿಂದ, ಆದರೂ ಆ ಮಿಷನ್ನಿನಿಂದ ಬಂದವರಲ್ಲಿ ಬಹಳ ಜನ ನಿಮ್ಮ ಈ ವುರ್ಟೆಂಬರ್ಗ್ ಸೀಮೆಯವರೇ. ಮಂಗಳೂರಿನ ಸೆಕೆಯಲ್ಲಿ ಕುಚಲಕ್ಕಿ ಗಂಜಿ ಉಣ್ಣುವಾಗ ಮೋಗ್ಲಿಂಗರಿಗೆ ಈ ಬೇಳೆ ನೆನಪಾಗಿರಲಿಕ್ಕಿಲ್ಲವಾ?

ಧಾರವಾಡ_ದತ್ತು, ಸೋಮವಾರ ಬೆಳಿಗ್ಗೆ 10:01

ಕಿಟೆಲ್ ಸಮಾಧಿ ಇಲ್ಲೇ ಇದೆ ರೀ. ನಮ್ಮ ಧಾರವಾಡದಲ್ಲೂ ಇದ್ದವರು ಅವರು. ಆದರೆ ಹುಟ್ಟಿದ್ದು ಉತ್ತರದ ಸಮುದ್ರ ತೀರದ ಓಸ್ಟ್‌ಫ್ರೀಸ್‌ಲ್ಯಾಂಡ್. ಅವರ ತಾಯಿ ಶ್ಪೆಟ್ಸ್ಲೆ ಹೆರೆದಿರಲಿಕ್ಕಿಲ್ಲ, ಅದು ಆಲೂಗಡ್ಡೆ-ಎಲೆಕೋಸಿನ ಸೀಮೆ.

ಜೋನಿಬೆಲ್ಲ (ಕೊಲೋನ್), ಸೋಮವಾರ ರಾತ್ರಿ 8:44

ಆಲೂಗಡ್ಡೆ ಅಂದಿರಾ? ಬಂದೆ.

ಜರ್ಮನಿ ಅಂದರೆ ಬರೀ ಸ್ವಾಬಿಯಾ ಅಲ್ಲ ಅಂತ ಯಾರಾದರೂ ಹೇಳಬೇಕಲ್ವಾ? ನಮ್ಮ ಕೊಲೋನ್ ಕಡೆ ಮಳೆ ಬಂದರೆ ರೈಬೆಕೂಖೆನ್, ಅಂದರೆ ತುರಿದ ಆಲೂ ದೋಸೆ. ಇಲ್ಲಿನ ಬಾಯಲ್ಲಿ ರೀವ್‌ಕೋಖೆ. ಒಂದು ಕೆಜಿ ಆಲೂ ಹಸಿಯಾಗಿ ತುರಿದು, ಒಂದು ಈರುಳ್ಳಿ ತುರಿದು, ಬಟ್ಟೆಯಲ್ಲಿ ಹಿಂಡಿ. ಹಿಂಡಿದ ನೀರನ್ನು ಚೆಲ್ಲಬೇಡಿ, ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಬೆಳ್ಳಗೆ ಸ್ಟಾರ್ಚ್ ಕೂರುತ್ತದೆ. ಮೇಲಿನ ನೀರು ಬಸಿದು ಅದನ್ನು ವಾಪಸ್ ತುರಿಗೆ ಸೇರಿಸಿ. ಎರಡು ಮೊಟ್ಟೆ, ಎರಡು ಚಮಚ ಮೈದಾ, ಉಪ್ಪು. ಎಣ್ಣೆ ಧಾರಾಳ ಬಿಟ್ಟು, ಅಂಚು ಗರಿಗರಿ ಆಗುವ ತನಕ ಕರಿಯಿರಿ. ಆಮೇಲೆ ನಿಲ್ಲಬಾರದು, ಬಾಣಲೆಯಿಂದ ನೇರ ತಟ್ಟೆಗೆ. ದೋಸೆ ಹೊಯ್ಯುವವಳು ಕೊನೆಗೆ ತಿಂದ ಹಾಗೆ.

ಜೊತೆಗೆ ಸೇಬಿನ ಗೊಜ್ಜು. ಇಲ್ಲದಿದ್ದರೆ ಕಪ್ಪು ಬ್ರೆಡ್ಡು ಮತ್ತು ರೂಬೆನ್‌ಕ್ರೌಟ್. ಸಕ್ಕರೆ ಬೀಟ್‌ರೂಟನ್ನು ಬೇಯಿಸಿ ಹಿಂಡಿ ಕಾಯಿಸಿದ ಪಾಕ ಅದು. ಮೊದಲ ಸಲ ಬಾಯಿಗಿಟ್ಟಾಗ ಶಿರಸಿಯ ಅಡುಗೆಮನೆಯಲ್ಲಿ ನಿಂತ ಹಾಗಾಯಿತು. ಜೋನಿ ಬೆಲ್ಲವೇ! ಬಿಸಿ ದೋಸೆಗೆ ಜೋನಿ ಬೆಲ್ಲ ಸುರಿದುಕೊಂಡು ಬೆಳೆದವಳು ನಾನು. ಹಬೆ ಬರುವ ಆಲೂ ದೋಸೆಗೆ ಅದನ್ನು ಸುರಿಯುವ ಜನ ಇಲ್ಲಿದ್ದಾರೆ ಅಂತ ತಿಳಿದ ದಿನ ಈ ಊರಲ್ಲಿ ಇರಬಹುದು ಅನ್ನಿಸಿತು.

ಇನ್ನು ಹೊಸಬರಿಗೆ: ಇಲ್ಲಿ ಆಲೂ ಚೀಲದ ಮೇಲೆ ಬರೆದಿರುತ್ತದೆ. "ಫೆಸ್ಟ್‌ಕೊಖೆಂಡ್" ಅಂದರೆ ಬೆಂದರೂ ಗಟ್ಟಿ, ಸಲಾಡಿಗೆ. "ಮೇಲಿಗ್‌ಕೊಖೆಂಡ್" ಅಂದರೆ ಹಿಟ್ಟು ಹಿಟ್ಟು, ಉಂಡೆ ಕಟ್ಟಲಿಕ್ಕೆ, ಹಿಸುಕಲಿಕ್ಕೆ. ಮಧ್ಯದ್ದು ಒಂದಿದೆ, ರೈಬೆಕೂಖೆನ್‌ಗೆ ಅದು ಸಾಕು. ಮೊದಲ ವರ್ಷ ಗೊತ್ತಿಲ್ಲದೆ ಗಟ್ಟಿ ಆಲೂವಿನಲ್ಲಿ ಉಂಡೆ ಮಾಡಿ, ನೀರಿನಲ್ಲಿ ಎಲ್ಲ ಬಿಚ್ಚಿಕೊಂಡಿತು.

ಬಾಣಲೆ_ಭಟ್ಟ, ಸೋಮವಾರ ರಾತ್ರಿ 9:30

ಉಂಡೆ ಅಂದಾಗ ನೆನಪಾಯಿತು. ಯಾವ ಉಂಡೆ ಆದರೂ ಮೊದಲು ಒಂದೇ ಒಂದು ಬಿಟ್ಟು ನೋಡಬೇಕು. ಒಡೆದರೆ ಸ್ವಲ್ಪ ಸ್ಟಾರ್ಚ್ ಸೇರಿಸಿ. ನೀರು ಕುದಿಯಬಾರದು, ಸಣ್ಣಗೆ ಅಲುಗಾಡುತ್ತಿರಬೇಕು.

ಮತ್ತೆ, ಮಗಳಿಗೆ ಬೇಳೆಗಿಂತ ಕೇಸೆ-ಶ್ಪೆಟ್ಸ್ಲೆ ಇಷ್ಟ, ಚೀಸ್ ಹಾಕಿದ್ದು. ಎಮ್ಮೆಂಟಾಲರ್ ಹಾಕು ಅಂತ ಅಲ್ಲಿ ಹೇಳಿದ್ದರು. ಮೊದಲು ಎಮ್ಮೆ ಹಾಲಿನದು ಅಂದುಕೊಂಡಿದ್ದೆ! ಎಮ್ಮೆ ಅನ್ನೋದು ಸ್ವಿಟ್ಜರ್ಲೆಂಡಿನ ಒಂದು ನದಿಯಂತೆ. ಇಲ್ಲಿ ಅದರ ರೇಟು ನೋಡಿ ಸುಮ್ಮನಾದೆ. ಬಲಿತ ಚೆಡ್ಡಾರ್ ಹಾಕಿದರೆ ಎಣ್ಣೆ ಬಿಡುತ್ತದೆ. ಗೌಡಾ ಹಾಕುತ್ತಿದ್ದೇನೆ. ಬೇರೆ ದಾರಿ ಇದೆಯಾ?

ಒಗ್ಗರಣೆ_ಮಾಲತಿ, ಸೋಮವಾರ ರಾತ್ರಿ 10:10

ಗೌಡಾ ಸರಿ. ಕೇಸೆ-ಶ್ಪೆಟ್ಸ್ಲೆಯ ಗುಟ್ಟು ಚೀಸಿಗಿಂತ ಈರುಳ್ಳಿಯಲ್ಲಿದೆ. ನಾಲ್ಕು ಜನಕ್ಕೆ ಮೂರು ದೊಡ್ಡ ಈರುಳ್ಳಿ, ಬೆಣ್ಣೆಯಲ್ಲಿ ಸಣ್ಣ ಉರಿ, ಇಪ್ಪತ್ತೈದು ನಿಮಿಷ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಬಿಸಿ ಶ್ಪೆಟ್ಸ್ಲೆ ಒಂದು ಪದರ, ತುರಿದ ಚೀಸ್ ಒಂದು ಪದರ, ಹಾಗೇ ಮೇಲೆ ಮೇಲೆ. ಕೊನೆಗೆ ಈರುಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿನ ಬಹಳಷ್ಟು ಗಟ್ಟಿ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಪ್ಯಾಕಿನ ಮೇಲೆ "ಮಿಕ್ರೋಬಿಯೆಲ್ಲೆಸ್ ಲಾಬ್", ಅಂದರೆ ಪ್ರಾಣಿಯದಲ್ಲದ ರೆನೆಟ್, ಅಂತ ಇದೆಯಾ ನೋಡಿ. ನಾನು ಇದನ್ನು ತಿಳಿದದ್ದು ಆರು ವರ್ಷ ತಿಂದ ಮೇಲೆ.

ನೆಕ್ಕರ್_ತೀರ, ಗುರುವಾರ ರಾತ್ರಿ 9:50

ಎರಡನೇ ರಿಹರ್ಸಲ್. ಹಿಟ್ಟು ಹದ ಬಂತು, ಗೋಳಿಬಜೆ ಲೆಕ್ಕ ಕೈ ಹಿಡಿಯಿತು. ಆದರೆ ಹಲಗೆ! ಮೊದಲನೆಯದು ಚಮಚದಷ್ಟು ದಪ್ಪ. ಆಮೇಲಿನದು ಹಲಗೆಗೇ ಅಂಟಿಕೊಂಡಿತು. ಹತ್ತನೆಯದರ ಹೊತ್ತಿಗೆ ಒಂದೆರಡು ಬಾಲ ಬಂದವು. ಗಂಡ ಈ ಸಲ ಮೊಸರನ್ನ ಕಲಸಲಿಲ್ಲ.

ನೆಕ್ಕರ್_ತೀರ, ಭಾನುವಾರ ಸಂಜೆ 4:35

ಆಯಿತು!

ಹನ್ನೊಂದಕ್ಕೇ ಅಜ್ಜಿ ಮೇಲೆ ಬಂದರು. ಊಟ ಹನ್ನೆರಡೂವರೆಗೆ ಅಂದಿದ್ದೆ. ಅಡುಗೆಮನೆ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಹಲಗೆ, ಅವರದೇ. ಮಧ್ಯ ಸವೆದು ತಗ್ಗು ಬಿದ್ದಿದೆ. ನನ್ನ ಹೊಸ ಹಲಗೆಯನ್ನು ಒಂದು ಸಲ ನೋಡಿ ಪಕ್ಕಕ್ಕೆ ಸರಿಸಿದರು. ಆ ತಗ್ಗಿನಲ್ಲಿ ಹಿಟ್ಟು ತಾನೇ ಕೂರುತ್ತದೆ, ಅಂಚಿಗೆ ತಾನೇ ಬರುತ್ತದೆ. ನಾನು ಅರ್ಧ ಗಂಟೆ ಒದ್ದಾಡಿದ್ದು ಹತ್ತು ನಿಮಿಷದಲ್ಲಿ ಮುಗಿಯಿತು.

ಮಧ್ಯೆ ಮೂರೇ ಮಾತು. "ನೀರು ಸಾಕು." "ಇನ್ನೂ ಬಡಿ." "ಜಾಯಿಕಾಯಿಯಾ? ಯಾಕೆ?"

ಬೇಳೆಗೆ ವಿನೆಗರ್ ಅಳತೆ ಮಾಡಿ ಹಾಕಿದ್ದೆ. ಅವರು ಊಟಕ್ಕೆ ಕೂತು ಬಾಟಲಿ ಕೇಳಿದರು, ಎಡಗೈಯಲ್ಲಿ ತಟ್ಟೆ ಮೇಲೆ ಇನ್ನಷ್ಟು ಸುರಿದುಕೊಂಡರು. ನನ್ನ ಮುಖ ಸಪ್ಪಗಾಯಿತು. ಎರಡು ತಟ್ಟೆ ತಿಂದರು. ಒಂದು ಮಾತಾಡಲಿಲ್ಲ. ಹೋಗುವಾಗ ಉಳಿದದ್ದನ್ನು ಡಬ್ಬಿಗೆ ಹಾಕಿಕೊಡು ಅಂದರು. ಹಲಗೆಯನ್ನು ಮಾತ್ರ ಕೇಳಲಿಲ್ಲ, ಇಲ್ಲೇ ಬಿಟ್ಟು ಹೋಗಿದ್ದಾರೆ.

ಒಗ್ಗರಣೆ_ಮಾಲತಿ, ಭಾನುವಾರ ಸಂಜೆ 4:52

ವಿನೆಗರ್ ಬಾಟಲಿ ಎಲ್ಲರ ಮನೆಯಲ್ಲೂ ಊಟದ ಮೇಜಿನ ಮೇಲೆಯೇ ಇರುತ್ತದೆ ಮಾರಾಯ್ತಿ. ನಮ್ಮಲ್ಲಿ ಉಪ್ಪಿನಕಾಯಿ ಭರಣಿ ಇಟ್ಟ ಹಾಗೆ. ಅದಕ್ಕೆ ಬೇಜಾರು ಬೇಡ. ಡಬ್ಬಿ ಕೇಳಿದರಲ್ಲ? ನಾಳೆ ಅದನ್ನು ಬೆಣ್ಣೆಯಲ್ಲಿ ಹುರಿದು, ಮೇಲೆ ಮೊಟ್ಟೆ ಒಡೆದು ತಿನ್ನುತ್ತಾರೆ.

ಧಾರವಾಡ_ದತ್ತು, ಭಾನುವಾರ ಸಂಜೆ 5:15

ಸವೆದ ಹಲಗೆ ಅಂದರೆ ಆಸ್ತಿ ರೀ. ಅದನ್ನ ಡಿಶ್‌ವಾಷರಿಗೆ ಹಾಕಬ್ಯಾಡ್ರಿ ಮತ್ತ.

ನೆಕ್ಕರ್_ತೀರ, ಮಂಗಳವಾರ ರಾತ್ರಿ 8:20

ಡಬ್ಬಿ ವಾಪಸ್ ಬಂತು, ತೊಳೆದು, ಒಳಗೆ ಒಂದು ಚೀಟಿ. ಈಸ್ಟರ್ ಹಿಂದಿನ ಗುರುವಾರಕ್ಕೆ ಮೌಲ್‌ತಾಶೆನ್ ಅಂತ ಬರೆದಿದ್ದಾರೆ. "ಆಗುತ್ತದಾ" ಅಂತ ಕೇಳಿಲ್ಲ! ಮಾಲತಿ ಅಕ್ಕ, ಇದು ಮಾಂಸ ತುಂಬಿದ ಕಡುಬಲ್ವಾ?

ಒಗ್ಗರಣೆ_ಮಾಲತಿ, ಮಂಗಳವಾರ ರಾತ್ರಿ 8:48

ಹೌದು, ಆದರೆ ಅದು ಉಪವಾಸದ ವಾರ. ಮಾಂಸ ದೇವರಿಗೆ ಕಾಣದ ಹಾಗೆ ಹಿಟ್ಟಿನೊಳಗೆ ಮುಚ್ಚಿಟ್ಟರು ಅಂತ ಕಥೆ. ದೇವರಿಗೆ ಟೋಪಿ ಹಾಕುವ ಪುಟಾಣಿ ಅಂತಲೇ ಅದಕ್ಕೊಂದು ಪೋಲಿ ಹೆಸರಿದೆ. ಮಾಂಸ ಇಲ್ಲದೆಯೂ ಮಾಡುತ್ತಾರೆ. ಪಾಲಕ್, ಹಾಲಿನಲ್ಲಿ ನೆನೆಸಿದ ಹಳೇ ಬನ್ನು, ಬಾಡಿಸಿದ ಈರುಳ್ಳಿ, ಪಾರ್ಸ್ಲಿ, ಮೊಟ್ಟೆ. ಇದಕ್ಕೆ ಜಾಯಿಕಾಯಿ ಹಾಕಲೇಬೇಕು, ಅಜ್ಜಿ ಈ ಸಲ "ಯಾಕೆ" ಅನ್ನಲ್ಲ. ಪಾಲಕ್ ಬೇಯಿಸಿ, ಕೈ ನೋಯುವ ತನಕ ಹಿಂಡಿ. ನೀರು ಉಳಿದರೆ ಕಡುಬು ಬಾಯಿ ಬಿಡುತ್ತದೆ.

ನೆಕ್ಕರ್_ತೀರ, ಮಂಗಳವಾರ ರಾತ್ರಿ 8:51

ಪಾಲಕ್ ಎಷ್ಟು ತರಲಿ?

ಒಗ್ಗರಣೆ_ಮಾಲತಿ, ಮಂಗಳವಾರ ರಾತ್ರಿ 8:52

ಅರ್ಧ ಕೆಜಿ. ಹಾಳಾಗುತ್ತದೆ, ಒಂದು ಕೆಜಿ ತನ್ನಿ.